ಇಲ್ಲಿ ವರ್ಷದ ಲೆಕ್ಕ ಮುಗಿಯುವುದು ಡಿಸೆಂಬರ್ 31ಕ್ಕೆ

ಜೂನ್ ಮೊದಲ ವಾರ ಎಚ್1ಬಿ ಕೆಲಸದ ವೀಸಾ ಮೇಲೆ ಅಮೆರಿಕಕ್ಕೆ ಬಂದೆ, ಹೆಂಡತಿ ಇನ್ನೂ ಊರಲ್ಲೇ ಇದ್ದಾಳೆ, ಟ್ಯಾಕ್ಸ್ ಅಂದರೆ ಏಪ್ರಿಲ್ ತಾನೇ, ಈಗಲೇ ಏನಾದರೂ ಮಾಡಬೇಕಾ ಅಂತ ಕೇಳಿದ್ದೀರಿ. ಮಾಡಬೇಕು. ಏಪ್ರಿಲ್ 15 ರಿಟರ್ನ್ ಕೊಡುವ ಕೊನೆಯ ದಿನ, ಅಷ್ಟೇ. ನಮ್ಮ ಕಡೆ ಮಾರ್ಚ್ ಕೊನೆಯಲ್ಲಿ ಓಡಾಡುತ್ತಿದ್ದೆವಲ್ಲ, ಇಲ್ಲಿ ಆ ಓಡಾಟ ಡಿಸೆಂಬರ್‌ನಲ್ಲಿ.

ಮೊದಲು 401-ಕೆ, ಅಂದರೆ ಕಂಪನಿ ಮೂಲಕ ನಡೆಯುವ ನಿವೃತ್ತಿ ಉಳಿತಾಯ. ಇದು ಸಂಬಳದಿಂದಲೇ ಕಡಿತ ಆಗಬೇಕು. ಜನವರಿಯಲ್ಲಿ ಕೈಯಿಂದ ಹಾಕುತ್ತೇನೆ ಅಂದರೆ ಆಗುವುದಿಲ್ಲ. 2025ರ ಮಿತಿ 23,500 ಡಾಲರ್. ಅಷ್ಟೂ ಹಾಕಲೇಬೇಕು ಅಂತಿಲ್ಲ, ಆದರೆ ಕಂಪನಿ ತನ್ನ ಪಾಲು ಸೇರಿಸುವಂತಿದ್ದರೆ ಅದಕ್ಕೆ ಬೇಕಾದಷ್ಟಾದರೂ ಹಾಕಿ. ಈ ವಾರವೇ ಎಚ್‌ಆರ್‌ಗೆ ಕೇಳಿ. ಎಫ್‌ಎಸ್‌ಎಯಲ್ಲಿ (ವೈದ್ಯಕೀಯ ಖರ್ಚಿಗೆ ಸಂಬಳದಿಂದ ಎತ್ತಿಟ್ಟ ಹಣ, ವರ್ಷ ಮುಗಿದರೆ ಕೈತಪ್ಪಬಹುದು) ದುಡ್ಡು ಉಳಿದಿದ್ದರೆ ಕನ್ನಡಕ ಮಾಡಿಸಿಕೊಳ್ಳಿ, ಹಲ್ಲು ತೋರಿಸಿ. ಎಚ್‌ಎಸ್‌ಎ (ಆರೋಗ್ಯ ಉಳಿತಾಯ ಖಾತೆ), ಐಆರ್‌ಎ (ನೀವೇ ತೆರೆಯುವ ನಿವೃತ್ತಿ ಖಾತೆ) ಎರಡಕ್ಕೂ ಏಪ್ರಿಲ್ 15ರವರೆಗೆ ಸಮಯ ಇದೆ.

ನಿಮ್ಮ ವಿಷಯದಲ್ಲಿ ದೊಡ್ಡ ಪ್ರಶ್ನೆ ಬೇರೆ. ನೀವು ಈ ವರ್ಷ 183 ದಿನ ದಾಟುತ್ತೀರಿ. ಅಂದರೆ ತೆರಿಗೆ ಲೆಕ್ಕಕ್ಕೆ ಬಂದ ದಿನದಿಂದ ಇಲ್ಲಿನ ರೆಸಿಡೆಂಟ್ (ನಿವಾಸಿ), ಅದಕ್ಕೆ ಮುಂಚೆ ಅಲ್ಲ. ಹೀಗೆ ವರ್ಷ ಎರಡು ತುಂಡಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಿಂದ ನೇರವಾಗಿ ಕಳೆಯುವ ನಿಗದಿತ ಮೊತ್ತ, ಸಿಗುವುದಿಲ್ಲ. ಮದುವೆಯಾದವರಿಗೆ ಒಂದು ದಾರಿ ಇದೆ. ಇಬ್ಬರೂ ಪೂರ್ತಿ ವರ್ಷ ರೆಸಿಡೆಂಟ್ ಅಂತ ಬರೆದುಕೊಟ್ಟು ಜಂಟಿಯಾಗಿ ಫೈಲ್ ಮಾಡಬಹುದು. ಆಗ 2025ಕ್ಕೆ 31,500 ಡಾಲರ್ ಡಿಡಕ್ಷನ್. ಆದರೆ ಜನವರಿಯಿಂದ ಮೇವರೆಗೆ ಊರಲ್ಲಿ ಪಡೆದ ಸಂಬಳವನ್ನೂ, ಹೆಂಡತಿ ಕೆಲಸದಲ್ಲಿದ್ದರೆ ಅವರ ವರ್ಷದ ಸಂಬಳವನ್ನೂ ಇಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೇಳಬಹುದು. ಎರಡೂ ರೀತಿ ಲೆಕ್ಕ ಹಾಕಿಸಿ, ಆಮೇಲೆ ತೀರ್ಮಾನ ಮಾಡಿ. ಹೆಂಡತಿಗೆ ಐಟಿಐಎನ್ (ಇಲ್ಲಿನ ತೆರಿಗೆ ಗುರುತಿನ ಸಂಖ್ಯೆ) ಬೇಕಾಗುತ್ತದೆ. ಅದರ ಅರ್ಜಿ ರಿಟರ್ನ್ ಜೊತೆಗೇ ಹೋಗುತ್ತದೆ.

ನಾನು ಎಡವಿದ್ದು ಊರಿನ ಖಾತೆಗಳಲ್ಲಿ. ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆ) ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಹಾಗಾಗಿ ಇಲ್ಲೂ ಇಲ್ಲ ಅಂದುಕೊಂಡಿದ್ದೆ. ಇಲ್ಲಿ ಇದೆ. ರಿಟರ್ನ್ ಮಾಡಿಕೊಟ್ಟವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಮೂರು ವರ್ಷದ ರಿಟರ್ನ್ ತಿದ್ದಿ, ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿದೆ. ಆ ರಾತ್ರಿಗಳು ನಿಮಗೆ ಬೇಡ.

ಇನ್ನೊಂದು ತೊಡಕು ಇದೆ. ಊರಿನ ಬ್ಯಾಂಕು ಕೊಡುವ ಬಡ್ಡಿ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ಗೆ, ಇಲ್ಲಿಗೆ ಬೇಕಾದ್ದು ಜನವರಿಯಿಂದ ಡಿಸೆಂಬರ್‌ಗೆ. ಅದಕ್ಕೇ ಪ್ರತಿ ಜನವರಿ ಒಂದು ಭಾನುವಾರ ಕೂತು ಎಲ್ಲ ಸ್ಟೇಟ್‌ಮೆಂಟ್ ಇಳಿಸಿಕೊಳ್ಳುತ್ತೇನೆ. ಒಂದು ಹಾಳೆಯಲ್ಲಿ ಖಾತೆಯ ಹೆಸರು, ಆ ವರ್ಷ ಜಮೆಯಾದ ಬಡ್ಡಿ, ಪಕ್ಕದಲ್ಲಿ ವರ್ಷದ ಅತಿ ಹೆಚ್ಚು ಬ್ಯಾಲೆನ್ಸ್. ಈ ಕೊನೆಯ ಸಾಲು ಎಫ್‌ಬಿಎಆರ್‌ಗೆ, ಅಂದರೆ ಅಮೆರಿಕದ ಹೊರಗಿನ ಖಾತೆಗಳ ವರದಿಗೆ. ಎಲ್ಲ ಖಾತೆ ಸೇರಿ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೂ ಕೊಡಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆ, ಅದರಲ್ಲಿರುವುದು ಪೂರ್ತಿ ಅಪ್ಪನ ದುಡ್ಡೇ ಆಗಿದ್ದರೂ, ಲೆಕ್ಕಕ್ಕೆ ಬರುತ್ತದೆ. ಈ ವರದಿ ಬರೀ ಮಾಹಿತಿ, ತೆರಿಗೆ ಏನೂ ಕಟ್ಟಬೇಕಿಲ್ಲ. ಆದರೆ ಕೊಡದಿದ್ದರೆ ದಂಡ ತುಂಬಾ ಜಾಸ್ತಿ.

ಊರಲ್ಲಿ ಮ್ಯೂಚುವಲ್ ಫಂಡ್ ಎಸ್‌ಐಪಿ ನಡೆಯುತ್ತಿದೆಯಾ? ಇದ್ದರೆ ಈ ತಿಂಗಳೇ ನಿಲ್ಲಿಸಿ. ಇಲ್ಲಿ ಅದನ್ನು ಪಿಎಫ್‌ಐಸಿ ಅಂತ ಬೇರೆಯೇ ಕಠಿಣ ನಿಯಮದಲ್ಲಿ ನೋಡುತ್ತಾರೆ. ಹಳೇ ಯೂನಿಟ್‌ಗಳನ್ನು ಮಾತ್ರ ಸುಮ್ನೆ ಮಾರಬೇಡಿ. ಭಾರತದ ಖಾತೆಗಳ ಬಗ್ಗೆ ತಾವಾಗೇ ಕೇಳುವ ಸಿಪಿಎ (ನಮ್ಮ ಕಡೆಯ ಸಿಎ ಇದ್ದಂತೆ) ಒಬ್ಬರನ್ನು ಹುಡುಕಿ, ಅವರ ಹತ್ತಿರ ಕೂತು ಮಾತಾಡಿ, ಆಮೇಲೆ ಮಾರಿ.