ಮಾಜಾಳಿ ದಾಟಿದರೆ ಸರ್ಕಾರ ಬೇರೆ

ಜೀವಾವಧಿ ಅಂದ್ರೆ 14 ವರ್ಷ, ಆಮೇಲೆ ತಾನಾಗೇ ಬಿಡ್ತಾರೆ ಅಂತ ನೀವು ತಿಳಿದಿರಬಹುದು. ಕಾರವಾರದಲ್ಲೂ ಬಹಳ ಜನ ಹಾಗೇ ತಿಳಿದಿದ್ದಾರೆ. ಜೀವಾವಧಿ ಅಂದ್ರೆ ಜೀವ ಇರುವತನಕ ಅಂತ 1961ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೊಲೆಯಂಥ, ಗಲ್ಲೂ ಆಗಬಹುದಾದ ಅಪರಾಧಕ್ಕೆ ಜೀವಾವಧಿ ಆದವರನ್ನು 14 ವರ್ಷ ಒಳಗೆ ಕಳೆಯುವ ಮೊದಲು ಬಿಡಬಾರದು ಅಂತ ಹಳೆಯ ಅಪರಾಧ ಪ್ರಕ್ರಿಯೆ ಕಾನೂನು ಸಿಆರ್‌ಪಿಸಿಯಲ್ಲಿ 433ಎ ಕಲಂ ಇತ್ತು, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ 475. ಜನರ ಬಾಯಲ್ಲಿರುವ 14 ಅದೇ. ಅಷ್ಟು ತುಂಬಿದ ಮೇಲೂ ಅರ್ಜಿ, ಪೊಲೀಸ್ ವರದಿ, ಸರ್ಕಾರದ ಆದೇಶ ಎಲ್ಲ ಆಗಬೇಕು.

ಯಾವ ಸರ್ಕಾರ ಅನ್ನುವಲ್ಲೇ ನಮ್ಮ ಗಡಿಯವರಿಗೆ ತೊಡಕು. ಸದಾಶಿವಗಡ, ಮಾಜಾಳಿ ಕಡೆಯ ಹುಡುಗರು ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ. ಅಲ್ಲಿಯ ಕೋರ್ಟು ಶಿಕ್ಷೆ ಕೊಟ್ಟರೆ, ಮನೆ ಇಲ್ಲಿದ್ದರೂ ಬಿಡುವ ಅಧಿಕಾರ ಗೋವಾ ಸರ್ಕಾರದ್ದು. ಬಿಲ್ಕಿಸ್ ಬಾನೊ ಪ್ರಕರಣದಲ್ಲಿ ಗುಜರಾತ್ ಸರ್ಕಾರ ಬಿಟ್ಟ 11 ಮಂದಿಯನ್ನು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಒಳಗೆ ಕಳಿಸಿದ್ದು ಇದೇ ಕಾರಣಕ್ಕೆ. ಶಿಕ್ಷೆ ಆಗಿದ್ದು ಮುಂಬೈಯಲ್ಲಿ, ಹಾಗಾಗಿ ಬಿಡುವ ಅಧಿಕಾರ ಮಹಾರಾಷ್ಟ್ರ ಸರ್ಕಾರದ್ದು. ಇಲ್ಲಿ ಶಾಸಕರ ಮನೆಗೆ ಅಲೆಯುವ ತಾಯಂದಿರಿಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು.

ಪೆರೋಲ್ ಅಂದ್ರೆ ಷರತ್ತಿನ ಮೇಲೆ ಸಿಗುವ ರಜೆ. ಸಾವು, ಕಾಯಿಲೆ, ಮದುವೆ, ಮನೆ ರಿಪೇರಿಗೆ ಕೇಳಬಹುದು. ನಮ್ಮ ಕೇರಿಯ ಮೀನು ಮಾರುವ ಅಕ್ಕನ ಮಗ ಗೋವಾದ ಜೈಲಿನಲ್ಲಿದ್ದಾನೆ. ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿಗೆ ಅರ್ಜಿ ಬರೆದುಕೊಟ್ಟವ ನಾನೇ. ಪೊಲೀಸರು ಬಂದು ಅಕ್ಕಪಕ್ಕದವರನ್ನು ಕೇಳಿದರು, 'ಇವ ಬಂದ್ರೆ ನಿಮಗೆ ತೊಂದರೆ ಉಂಟಾ?' ಎದುರು ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬರಲಿ' ಅಂದರು. ಆ ಒಂದು ಮಾತಿಗೆ ಎಷ್ಟು ತೂಕ ಅಂತ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ.

ಹುಡುಗ ಬಂದ. ಒಡೆದ ಹಂಚು ಬದಲಿಸಿದ, ಹೊಸ ರೀಪು ಹೊಡೆದ, ಠಾಣೆಗೆ ಹೋಗಿ ಸಹಿ ಮಾಡಿದ, ಹೇಳಿದ ದಿನಕ್ಕೆ ವಾಪಸ್ ಹೋದ. ಅಕ್ಕ ಮಾತ್ರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವನಿದ್ದ ಪ್ರತಿ ದಿನಕ್ಕೂ ಅಡ್ಡಗೆರೆ ಎಳೆದಿದ್ದರು, ಶಿಕ್ಷೆಯಲ್ಲಿ ಅಷ್ಟು ಕಳೆಯಿತು ಅಂತ.

ಕಳೆಯುವುದಿಲ್ಲ. ಗೋವಾದ ಕೈದಿಗಳ ಪ್ರಕರಣದಲ್ಲೇ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪೆರೋಲ್ ದಿನಗಳು ಆ 14 ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ ಅಂತ. ಅದನ್ನು ಅಕ್ಕನಿಗೆ ಹೇಳಲು ನನಗೆ ಎರಡು ದಿನ ಬಾಯಿ ಬರಲಿಲ್ಲ. ಹೇಳಿದ ಮೇಲೆ ಅವರು ಕ್ಯಾಲೆಂಡರ್ ಇಳಿಸಿ ತಂದು ನನ್ನ ಮುಂದಿಟ್ಟರು. ಇಬ್ಬರೂ ಕೂತು ಮೊದಲಿನಿಂದ ಎಣಿಸಿದೆವು.