ಏರಿ ಹಿಂದೆ ನೀರು ಕಂಡರೆ ಮೊದಲು ಅದರ ಬಣ್ಣ ನೋಡಿ

ಅಣ್ಣ, ನಿಮ್ಮ ಮೂರೂ ಫೋಟೋ ನೋಡಿದೆ. 12 ಎಕರೆ ಕೆರೆ, 15 ಅಡಿ ಏರಿ. ಏರಿ ಹಿಂದೆ ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿ) ಪಕ್ಕ ಒದ್ದೆ ಜಾಗ, ಏರಿ ತುಂಬ ಬಳ್ಳಾರಿ ಜಾಲಿ, ಮೂರನೇ ಫೋಟೋದ ಮೂಲೆಯಲ್ಲಿ ಕೋಡಿ (ಕೆರೆ ತುಂಬಿ ಹೆಚ್ಚಾದ ನೀರು ಹೊರಹರಿಯುವ ಜಾಗ) ಮೇಲೆ ನೀರು ಜಾಸ್ತಿ ನಿಲ್ಲಲಿ ಅಂತ ಊರಿನವರು ಜೋಡಿಸಿರೋ ಮರಳು ಚೀಲ. ನೀವು ಕೇಳಿದ್ದು ಒದ್ದೆ ಜಾಗದ ಬಗ್ಗೆ, ಜಾಲಿ ಕಡಿಸಬಹುದಾ ಅಂತ. ನನಗೆ ಹೆದರಿಕೆ ಆಗಿದ್ದು ಚೀಲ ನೋಡಿ. ಇರಲಿ, ಕೇಳಿದ್ದಕ್ಕೆ ಮೊದಲು ಉತ್ತರ.

ಮಣ್ಣಿನ ಏರಿ ಅಂದ ಮೇಲೆ ಕೆರೆ ತುಂಬಿದಾಗ ಸ್ವಲ್ಪ ಜಿನುಗೇ ಜಿನುಗುತ್ತದೆ. ಹಿಂದೆ ಗರಿಕೆ ಹಸಿರಾಗಿದೆ, ಕಾಲಿಟ್ಟರೆ ಒದ್ದೆ ಅಂದ ಮಾತ್ರಕ್ಕೆ ಏರಿ ಒಡೆಯುವುದಿಲ್ಲ. ನೀರು ಬರುವುದು ಸಮಸ್ಯೆ ಅಲ್ಲ, ನೀರಿನ ಜೊತೆ ಏರಿಯ ಮಣ್ಣು ಬರುವುದು ಸಮಸ್ಯೆ. ಅದಕ್ಕೆ ದೊಡ್ಡ ಪರೀಕ್ಷೆ ಏನೂ ಬೇಡ. ಬಿಳಿ ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು, ಮೇಲೆ ತಾರೀಖು ಬರೆದು, ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಗ್ಗೆ ತಳದಲ್ಲಿ ಏನೂ ಇಲ್ಲದಿದ್ದರೆ ಸದ್ಯಕ್ಕೆ ನೆಮ್ಮದಿ. ಉಗುರಿನಷ್ಟು ಮಣ್ಣು ಕೂತಿದ್ದರೆ ಏರಿ ಒಳಗಿನಿಂದ ಸವೆಯುತ್ತಿದೆ ಅಂತ ಅರ್ಥ. ಕೆಲವು ಸಲ ಕಾವಿ ಬಣ್ಣದ, ಎಣ್ಣೆ ತೇಲಿದ ಹಾಗಿರೋ ಪೊರೆ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ. ಕಡ್ಡಿಯಿಂದ ಮುಟ್ಟಿ, ಚೂರು ಚೂರಾಗಿ ಒಡೆದರೆ ಅದು ನೀರಲ್ಲಿರೋ ಕಬ್ಬಿಣದ ಆಟ.

ಬಣ್ಣದ ಜೊತೆ ಎಷ್ಟು ಬರುತ್ತಿದೆ ಅಂತಲೂ ನೋಡಬೇಕು. ಜಿನುಗುವ ನೀರನ್ನೆಲ್ಲ ಒಂದು ಸಣ್ಣ ಕಾಲುವೆಗೆ ಸೇರಿಸಿ, ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ವಾರಕ್ಕೊಮ್ಮೆ ಬರೆದಿಡಿ, ಪಕ್ಕದಲ್ಲೇ ಆವತ್ತಿನ ಕೆರೆ ಮಟ್ಟ. ಕೆರೆ ಮಟ್ಟ ಇಳಿದಾಗ ಜಿನುಗುವುದೂ ಕಡಿಮೆಯಾದರೆ ಸರಿ. ಮಟ್ಟ ಹಾಗೇ ಇದ್ದು, ಅಥವಾ ಇಳಿಯುತ್ತಿದ್ದರೂ, ಬಿಂದಿಗೆ ಬೇಗ ಬೇಗ ತುಂಬುತ್ತಿದ್ದರೆ ಸುಮ್ಮನೆ ಕೂರಬೇಡಿ. ಅದರಲ್ಲೂ ನಿಮ್ಮದು ತೂಬಿನ ಪಕ್ಕ. ಅಲ್ಲಿ ಮಣ್ಣು ಕಲ್ಲಿಗೆ ಗಟ್ಟಿಯಾಗಿ ಕೂತಿರುವುದಿಲ್ಲ, ನೀರು ಕಲ್ಲಿನ ಮೈ ಹಿಡಿದುಕೊಂಡೇ ದಾರಿ ಮಾಡಿಕೊಳ್ಳುತ್ತದೆ.

ನಮ್ಮೂರ ಕೆರೆಯಲ್ಲೂ ಇದೇ ಆಯ್ತು. ಯಾರೋ ಮೋಟರಿಗೆ ಅಂತ ಏರಿ ಅಡ್ಡ ಕತ್ತರಿಸಿ ಪಿವಿಸಿ ಪೈಪ್ ಹಾಕಿ, ಮೇಲೆ ಮಣ್ಣು ಎಳೆದು ಮುಚ್ಚಿದ್ದರು. ಮೂರು ವರ್ಷ ಕೆರೆ ತುಂಬಲಿಲ್ಲ, ಯಾರಿಗೂ ನೆನಪಿರಲಿಲ್ಲ. ತುಂಬಿದ ವರ್ಷ ಒಂದು ಬೆಳಗ್ಗೆ ಏರಿ ಬುಡದಲ್ಲಿ ಟೀ ಬಣ್ಣದ ನೀರು ಬುಳಬುಳ ಅಂತ ಏಳುತ್ತಿತ್ತು, ಸುತ್ತ ನುಣ್ಣನೆ ಮಣ್ಣು ಇರುವೆ ಗೂಡಿನ ಹಾಗೆ ಗುಡ್ಡೆಯಾಗಿತ್ತು. ನಮ್ಮವರು ಮೊದಲು ಮಾಡಿದ್ದೇ ತಪ್ಪು: ಒಂದು ಟ್ರ್ಯಾಕ್ಟರ್ ಜೇಡಿಮಣ್ಣು ತಂದು ಅದರ ಮೇಲೆ ಸುರಿದರು. ಅರ್ಧ ಗಂಟೆಯಲ್ಲಿ ನಾಲ್ಕು ಮಾರು ಆಚೆ ಎದ್ದಿತು. ಹೊರಗಡೆಯಿಂದ ಬಾಯಿ ಕಟ್ಟಿದರೆ ನೀರು ಇನ್ನೊಂದು ಬಾಯಿ ಹುಡುಕುತ್ತದೆ ಅಷ್ಟೇ. ನೀರು ಹೋಗಲಿ, ಮಣ್ಣು ನಿಲ್ಲಲಿ, ಹಾಗೆ ಮಾಡಬೇಕು. ಎದ್ದ ಜಾಗದ ಸುತ್ತ ಬಾವಿ ಕಟ್ಟೆ ಥರ ಮರಳು ಚೀಲ ಜೋಡಿಸಿ, ಒಳಗೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ. ಎರಡು ತಾಸಿನಲ್ಲಿ ನೀರು ತಿಳಿಯಾಯಿತು. ಇದು ಸಮಯ ಕೊಡುತ್ತದೆ, ವಾಸಿ ಮಾಡುವುದಿಲ್ಲ. ತೂಬು ತೆಗೆದು ಕೆರೆ ಇಳಿಸಿ, ಬೇಸಿಗೆಯಲ್ಲಿ ಒಳಗಡೆಯಿಂದ ಅಗೆದು, ಆ ಪೈಪ್ ಕಿತ್ತು, ಮತ್ತೆ ಮಣ್ಣು ತುಂಬಿದೆವು.

ಇಳಿಸುವಾಗ ಒಂದು ಮಾತು. ಸುಮ್ನೆ ರಿಪೇರಿಗೆ ಅಂತ ಇಳಿಸುತ್ತಿದ್ದರೆ ನಿಧಾನ ಮಾಡಿ, ನಾವು ದಿನಕ್ಕೆ ಅರ್ಧ ಅಡಿ ಅಂತ ಇಟ್ಟುಕೊಂಡಿದ್ದೇವೆ. ಒಳಮೈ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಎದುರಿಗೆ ಒತ್ತಿ ಹಿಡಿದಿದ್ದ ನೀರು ಒಂದೇ ಸಲ ಹೋದರೆ ಕೆರೆ ಕಡೆಗೆ ಜಾರಿಬಿಡುತ್ತದೆ. ಆದರೆ ಕೆಸರು ನೀರು ಜೋರಾಗಿದ್ದರೆ ಈ ಲೆಕ್ಕ ಬಿಟ್ಟುಬಿಡಿ. ಆಗ ಕೆರೆ ಕೆಳಗಿನ ಮನೆಯವರನ್ನು ಮೊದಲು ಎಬ್ಬಿಸಿ, ಆಮೇಲೆ ತೂಬು, ಆಮೇಲೆ ತಹಶೀಲ್ದಾರರಿಗೆ ಫೋನು. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಸುಮಾರು 20 ಜನ ಹೋದರು. ಸೋರುತ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಆಮೇಲೆ ಸಚಿವರೊಬ್ಬರು ಏಡಿಗಳಿಂದ ಒಡೆಯಿತು ಅಂದು ಎಲ್ಲರ ಬಾಯಿಗೆ ಬಿದ್ದರು. ಏಡಿ ಬಿಲ ಏರಿಗೆ ಒಳ್ಳೆಯದಲ್ಲ ನಿಜ, ಹೆಗ್ಗಣದ್ದೂ ಅಷ್ಟೇ. ಆದರೆ ಬಿಲ ಮುಚ್ಚುವ ಕೆಲಸ ಏಡಿ ಮಾಡುವುದಿಲ್ಲ ಅಲ್ವಾ.

ಈಗ ಕೋಡಿ. ಒಂದಡಿ ಜಾಸ್ತಿ ನೀರು ಅಂದರೆ 12 ಎಕರೆಗೆ ಹತ್ತಿರ ಹತ್ತಿರ ಒಂದೂವರೆ ಕೋಟಿ ಲೀಟರ್. ಆಸೆ ಆಗದೇ ಇರುತ್ತಾ? ಆದರೆ ಆ ಕಡೆ ಏನು ಕಳೆದುಕೊಳ್ಳುತ್ತೀರಿ ನೋಡಿ. ಫೋಟೋದಲ್ಲಿ ನಿಮ್ಮ ಏರಿ ನೆತ್ತಿ ಕೋಡಿಗಿಂತ ಮೂರಡಿ ಮೇಲಿರೋ ಹಾಗೆ ಕಾಣುತ್ತದೆ. ಕೋಡಿ ಮೇಲೆ ಒಂದಡಿ ಹರಿದಾಗ ಎಷ್ಟು ನೀರು ಹೋಗುತ್ತದೋ, ಎರಡಡಿ ಹರಿದರೆ ಅದರ ಎರಡು ಪಟ್ಟಲ್ಲ, ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಮೂರಡಿ ಹರಿದರೆ ಐದು ಪಟ್ಟು. ಒಂದಡಿ ಚೀಲ ಇಟ್ಟರೆ ಆ ಮೂರಡಿ ಎರಡಡಿ ಆಯ್ತು, ಅಂದರೆ ಕೋಡಿಯ ತಾಕತ್ತು ಹೆಚ್ಚುಕಡಿಮೆ ಅರ್ಧ ಹೋಯ್ತು. ಉಳಿದ ನೀರು ಏರಿ ಮೇಲೇ ಹತ್ತಬೇಕು. ಮಣ್ಣಿನ ಏರಿ ಮೇಲೆ ಗೇಣುದ್ದ ನೀರು ಹತ್ತಿ ಹರಿದರೂ ಹಿಂಬದಿ ಕೊರೆಯಲು ಶುರುವಾಗುತ್ತದೆ, ಆಮೇಲೆ ನಿಲ್ಲಿಸುವವರು ಯಾರೂ ಇಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿ ಹತ್ತಿರ ಮಚ್ಚು ಅಣೆಕಟ್ಟಿನ ಮಣ್ಣಿನ ಭಾಗ ಹೋದದ್ದು ಹೀಗೇ, ನೀರು ಮೇಲೆ ಹತ್ತಿ.

ಮಳೆ ಬಂದಾಗ ತೆಗೆದರಾಯಿತು ಅಂತ ನಿಮ್ಮವರು ಹೇಳುತ್ತಾರೆ, ನಮ್ಮವರೂ ಹೇಳಿದ್ದರು. ರಾತ್ರಿ ಎರಡು ಗಂಟೆಗೆ, ಮೊಣಕಾಲು ನೀರು ರಭಸವಾಗಿ ಹರಿಯುತ್ತಿರುವಾಗ ಕೋಡಿಗೆ ಇಳಿದು ಚೀಲ ಎತ್ತುವವರು ಯಾರು ಅಂತ ಕೇಳಿ ನೋಡಿ. ಅಷ್ಟಕ್ಕೂ ಹಾಗೆ ನಿಲ್ಲಿಸಿದ ಒಂದಡಿ ಉಳಿಯುವುದಿಲ್ಲ. ದಿನಕ್ಕೆ 5 ಮಿಲಿಮೀಟರ್ ಬಿಸಿಲಿಗೆ ಹೋಯಿತು ಅಂದರೂ ಎರಡು ತಿಂಗಳಲ್ಲಿ ಒಂದಡಿ ಖಾಲಿ.

ನೀರು ಜಾಸ್ತಿ ಬೇಕು ಅಂದರೆ ಎತ್ತರಕ್ಕೆ ಹೋಗಬೇಡಿ, ಆಳಕ್ಕೆ ಹೋಗಿ, ಹೂಳು ತೆಗೆಸಿ. ಅದರಲ್ಲೂ ಜೆಸಿಬಿಯವನಿಗೆ ಏರಿ ಬುಡ ಬಿಟ್ಟು ಅಗಿ ಅಂತ ನಿಂತು ಹೇಳಬೇಕು, ಇಲ್ಲದಿದ್ದರೆ ಮಣ್ಣು ಹಾಕಲು ಹತ್ತಿರ ಅಂತ ಅಲ್ಲೇ ಅಗೆಯುತ್ತಾನೆ. ಬುಡದಲ್ಲಿ ಎಷ್ಟೋ ವರ್ಷದಿಂದ ಕೂತ ಜಿಗುಟು ಮಣ್ಣೇ ಸೋರಿಕೆ ತಡೆಯುತ್ತಿರುತ್ತದೆ. ಅದನ್ನು ಕೆರೆದು ಕೆಳಗಿನ ಮರಳು ತೆರೆದರೆ ಮುಂದಿನ ವರ್ಷ ಏರಿ ಹಿಂದಿನ ಗದ್ದೆಯಲ್ಲಿ ನೀರು ಏಳುತ್ತದೆ. ಏರಿ ಎತ್ತರದ ಐದು ಪಟ್ಟು ದೂರ ಬಿಡುವುದು ನಮ್ಮ ಲೆಕ್ಕ. ತೆಗೆದ ಗೋಡನ್ನು ಏರಿ ಮೇಲೆ ಸುರಿಸಬೇಡಿ, ಅದು ಹೊಲಕ್ಕೆ ಬಂಗಾರ, ಏರಿಗೆ ಬರೀ ಭಾರ.

ಕೊಯ್ಲಾದ ಮೇಲೆ ಎರಡನೇ ಬೆಳೆಗೆ ಭತ್ತ ಬೇಡ, ರಾಗಿ ಅಂತ ಊರು ಒಪ್ಪಿದರೆ ಅದೇ ನೀರಲ್ಲಿ ಎರಡರಷ್ಟು ಜಮೀನು ನೆನೆಯುತ್ತದೆ. ಇದು ಏರಿ ಕೆಲಸಕ್ಕಿಂತ ಕಷ್ಟ ಅಂತ ಗೊತ್ತು. ನಮ್ಮಲ್ಲಿ ನೀರುಗಂಟಿ (ಕೆರೆ ನೀರು ಹಂಚುವವನು) ಇರುವಾಗ ಜಗಳ ಕಡಿಮೆ ಇತ್ತು, ಅವನಿಗೆ ಕೊಡುವ ಕಾಳು ನಿಂತ ವರ್ಷದಿಂದ ತೂಬಿನ ಬೀಗದ ಕೈ ಮೂರು ಆಗಿದೆ.

ಜಾಲಿ ವಿಷಯ. ತೋಳಿಗಿಂತ ಸಣ್ಣದನ್ನು ಬೇರು ಸಮೇತ ಕೀಳಿಸಿ. ದಪ್ಪ ಮರಗಳನ್ನು ಬರೀ ಕಡಿದು ಬಿಟ್ಟರೆ ಕೆಲವು ವರ್ಷದಲ್ಲಿ ಬೇರು ಕೊಳೆತು ಏರಿ ಒಳಗೆ ಪೈಪ್ ಇಟ್ಟ ಹಾಗೆ. ಕೆರೆ ಒಣಗಿದಾಗ ಬುಡ ತೆಗೆದು, ಗುಂಡಿಗೆ ಅರ್ಧ ಅಡಿ ಅರ್ಧ ಅಡಿ ಮಣ್ಣು ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಬೇಕು. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ಅಂಟಬಾರದು, ಅಷ್ಟು ಹದ. ಮೇಲೆ ಗರಿಕೆ ಅಥವಾ ಲಾವಂಚ.

ಯಾರನ್ನು ಕೇಳಬೇಕು ಅಂದಿರಿ. ಅಚ್ಚುಕಟ್ಟು (ಕೆರೆ ನೀರು ಕುಡಿಯುವ ಜಮೀನು) 40 ಹೆಕ್ಟೇರ್, ಅಂದರೆ 100 ಎಕರೆ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆ ಇದ್ದರೆ ಪಂಚಾಯಿತಿ ಕಡೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ನಂಬಿಕೊಂಡು ಕೂರಬೇಡಿ, ಅದು 15 ಮೀಟರ್ ದಾಟಿದವಕ್ಕೆ, ಕೆಲವು ಷರತ್ತಿನ ಮೇಲೆ 10 ಮೀಟರ್ ದಾಟಿದವಕ್ಕೆ. ನಿಮ್ಮದು 15 ಅಡಿ.

ಬಾಟಲಿ ಇವತ್ತು ಸಂಜೆಯೇ ತುಂಬಿಸಿ, ನಾಳೆ ಬೆಳಗ್ಗೆ ತಳ ಕಾಣುವ ಹಾಗೆ ಫೋಟೋ ಹಾಕಿ. ಚೀಲ ಮಾತ್ರ ನೀರು ಕೋಡಿ ಮುಟ್ಟುವ ಮೊದಲೇ ತೆಗೆಸಿಬಿಡಿ.