ಬ್ರೋಷರ್‌ನಲ್ಲಿ 120, ಡೈನೋದಲ್ಲಿ 101: ಉಳಿದ ಅಶ್ವಶಕ್ತಿ ಎಲ್ಲಿ ಹೋಯಿತು?

ಪ್ರಶ್ನೆ: ಕಳೆದ ವರ್ಷ ದಾವಣಗೆರೆಯಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಕಾರು ಕೊಂಡೆ. ಬ್ರೋಷರ್‌ನಲ್ಲಿ 120 ಪಿಎಸ್ ಎಂದಿದೆ, ಷೋರೂಮಿನವರು 118 ಬಿಎಚ್‌ಪಿ ಎಂದರು, ಬೆಂಗಳೂರಿನ ಗ್ಯಾರೇಜಿನ ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರ) 101 ಪಿಎಸ್ ಬಂತು. ನನಗೆ ಮೋಸವಾಗಿದೆಯೇ?

ಉತ್ತರ: ನೀವು ಕೊಟ್ಟ ಅಂಕಿಗಳಲ್ಲಿ ಮೋಸ ಕಾಣುವುದಿಲ್ಲ.

ಮೊದಲ ಎರಡು ಅಂಕಿಗಳು ಒಂದೇ ಶಕ್ತಿಯನ್ನು ಹೇಳುತ್ತವೆ. ಪಿಎಸ್ ಎಂದರೆ 75 ಕಿಲೋ ಭಾರವನ್ನು, ಅಂದರೆ ಒಂದು ಭತ್ತದ ಚೀಲದಷ್ಟನ್ನು, ಸೆಕೆಂಡಿಗೆ ಒಂದು ಮೀಟರ್ ಎತ್ತುವ ಸಾಮರ್ಥ್ಯ, ಅದು 735.5 ವ್ಯಾಟ್. ಬಿಎಚ್‌ಪಿ ಎಂಬ ಬ್ರಿಟಿಷ್ ಅಶ್ವಶಕ್ತಿ 745.7 ವ್ಯಾಟ್. ಹೀಗಾಗಿ 120 ಪಿಎಸ್ ಅಂದರೆ ಸುಮಾರು 118 ಬಿಎಚ್‌ಪಿ. ಪಿಎಸ್‌ನಲ್ಲಿ ಅಂಕಿ ತುಸು ದೊಡ್ಡದಾಗಿ ಕಾಣುವುದರಿಂದ ಜಾಹೀರಾತಿಗೆ ಅದು ಅನುಕೂಲ. ಬ್ರೋಷರ್‌ಗಳು 88 ಕಿಲೋವ್ಯಾಟ್ ಎಂಬ ಅಂಕಿಯನ್ನೇ ಮುಂದಿಟ್ಟರೆ ಈ ಗೊಂದಲವೇ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಬೇರೆಯದೇ ಅಳತೆ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಸ ಮಾದರಿಯೊಂದು ಮಾರಾಟಕ್ಕೆ ಬರುವ ಮೊದಲು ಪುಣೆಯ ಎಆರ್‌ಎಐನಂಥ ಸಂಸ್ಥೆ ಅದನ್ನು ಪರೀಕ್ಷಿಸಿ ಪ್ರಮಾಣೀಕರಿಸಬೇಕು. ಕಂಪನಿ ಘೋಷಿಸಿದ ಶಕ್ತಿಯನ್ನು ತಾಳೆ ನೋಡುವಾಗ ಎಂಜಿನ್ನನ್ನು ಪರೀಕ್ಷಾ ಪೀಠಕ್ಕೆ ಕೂರಿಸಿ, ಏರ್ ಫಿಲ್ಟರ್, ಸೈಲೆನ್ಸರ್ ಮುಂತಾದ ಅಗತ್ಯ ಭಾಗಗಳ ಸಮೇತ ಓಡಿಸಿ, ಎಂಜಿನ್ನಿನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕ್‌ಶಾಫ್ಟ್‌ನಲ್ಲಿ ದೊರೆಯುವ ಶಕ್ತಿಯನ್ನು ಅಳೆದು, 25 ಡಿಗ್ರಿ ಉಷ್ಣತೆಯ ನಿಗದಿತ ಗಾಳಿಯ ಸ್ಥಿತಿಗೆ ಲೆಕ್ಕ ಹಾಕಿ ತಿದ್ದುತ್ತಾರೆ. ಗ್ಯಾರೇಜಿನ ಡೈನೋ ಅಳೆಯುವುದು ಚಕ್ರಕ್ಕೆ ತಲುಪಿದ ಶಕ್ತಿಯನ್ನು. ಗೇರ್‌ಬಾಕ್ಸ್, ಬೇರಿಂಗ್, ಟೈರುಗಳಲ್ಲಿ ಶೇಕಡಾ 15ರ ಆಸುಪಾಸು ನಷ್ಟವಾಗುವುದು ಸಾಮಾನ್ಯ. ನಿಮ್ಮ ಕಾರಿನಲ್ಲಿ ಆಗಿರುವುದೂ ಅಷ್ಟೇ.

ಇನ್ನೊಂದು ಸಂಗತಿ, ಎತ್ತರ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್, ದಾವಣಗೆರೆ ಸುಮಾರು 600 ಮೀಟರ್ ಮೇಲಿದೆ. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆ 101 ನಿಗದಿತ ಗಾಳಿಯ ಸ್ಥಿತಿಗೆ ತಿದ್ದುಪಡಿಯಾಗದ ಅಂಕಿಯಾಗಿದ್ದರೆ ನಿಮ್ಮ ಎಂಜಿನ್ ಇನ್ನೂ ಚೆನ್ನಾಗಿದೆ ಎಂದೇ ಅರ್ಥ.

ಉತ್ಪ್ರೇಕ್ಷೆ ಎಂದೂ ನಡೆದೇ ಇಲ್ಲವೆಂದಲ್ಲ. ಅಮೆರಿಕದ ಕಂಪನಿಗಳು 1970ರ ದಶಕದ ಆರಂಭದವರೆಗೆ ಸೈಲೆನ್ಸರ್, ಫಿಲ್ಟರ್ ಕಳಚಿದ ಎಂಜಿನ್ನಿನ ಶಕ್ತಿಯನ್ನೇ ಜಾಹೀರಾತಿನಲ್ಲಿ ಹೇಳುತ್ತಿದ್ದವು. ಅಲ್ಲಿಯೇ 2001ರ ಮಾಜ್ದಾ ಮಿಯಾಟಾ ಕಾರಿಗೆ 155 ಅಶ್ವಶಕ್ತಿ ಎಂದು ಹೇಳಿ, ಬಳಿಕ 142ಕ್ಕೆ ಇಳಿಸಿದ ಕಂಪನಿ, ಬೇಡವೆಂದವರಿಂದ ಕಾರನ್ನು ಮರಳಿ ಕೊಳ್ಳಲು ಮುಂದಾಯಿತು.

ಆದ್ದರಿಂದ ಗ್ಯಾರೇಜಿನವರಿಂದ ಮುದ್ರಿತ ವರದಿಯನ್ನು ಕೇಳಿ ಪಡೆಯಿರಿ. ತಿದ್ದುಪಡಿ ಮಾಡಿದ್ದಾರೆಯೇ, ಯಾವ ಗೇರಿನಲ್ಲಿ ಓಡಿಸಿದರು ಎಂಬುದು ಅದರಲ್ಲಿರುತ್ತದೆ. ಮುಂದೆ ಎಂಜಿನ್ ಸೋತಿದೆ ಎನಿಸಿದರೆ ಅದೇ ಡೈನೋದಲ್ಲಿ, ಅದೇ ಗೇರಿನಲ್ಲಿ ಮತ್ತೊಮ್ಮೆ ಅಳೆಸಿ, ಬ್ರೋಷರ್‌ನ ಬದಲು ಈ ವರದಿಯೊಂದಿಗೆ ಹೋಲಿಸಿ ನೋಡಿ.